ಆರೂವರೆ ವರ್ಷದ ಮಗ, ಸೂಯರ, ಚೌಕಾಬಾರದಲ್ಲಿ ಕಳ್ಳಾಟ: ಇದೆಲ್ಲ ವಯಸ್ಸಿನದ್ದಾ, ನಾನು ಚಿಂತೆ ಮಾಡಬೇಕಾ?

ಕುವೆಂಪುನಗರದ ಅಮ್ಮ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಮಗನಿಗೆ ಈಗ 6 ವರ್ಷ 5 ತಿಂಗಳು. ಒಂದನೇ ಕ್ಲಾಸು. ಕಳೆದ ಶನಿವಾರ ಪೇರೆಂಟ್ಸ್ ಮೀಟಿಂಗಿಗೆ ಹೋಗಿದ್ದೆ. ಟೀಚರ್ ಪುಸ್ತಕ ತಿರುವಿ ಹಾಕಿ "ಮಗು ಸ್ವಲ್ಪ ಸ್ಲೋ ಮೇಡಂ, ಟ್ಯೂಷನ್‌ಗೆ ಹಾಕಿ" ಎಂದರು. ಮಗ ಅಲ್ಲೇ ಪಕ್ಕದಲ್ಲಿ ನಿಂತಿದ್ದ. ವಾಪಸ್ ಬರುವಾಗ ಸ್ಕೂಟರ್ ಹಿಂದೆ ಕೂತು ಸುಮಾರು ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಕೇಳಿದ: "ಅಮ್ಮಾ, ಸ್ಲೋ ಅಂದ್ರೆ ಆಮೆ ಥರಾನಾ?"

ಅವತ್ತಿನಿಂದ ನನಗೆ ನಿದ್ದೆ ಇಲ್ಲ. ಅವನು ಮಾಡುವುದೆಲ್ಲ ತಪ್ಪಾಗಿ ಕಾಣಿಸುತ್ತಿದೆ. ಕಾಗುಣಿತ ಬಾಯಲ್ಲಿ ಪಟಪಟ ಹೇಳುತ್ತಾನೆ, ಪುಸ್ತಕ ಕೊಟ್ಟರೆ "ಸೂರ್ಯ"ವನ್ನು "ಸೂಯರ" ಎಂದು ಓದುತ್ತಾನೆ. ಅಜ್ಜಿ ಜೊತೆ ಚೌಕಾಬಾರ ಆಡಲು ಕೂತರೆ ಯಾರೂ ನೋಡದಿದ್ದಾಗ ಕವಡೆ ತಿರುಗಿಸಿ ಇಡುತ್ತಾನೆ. ಅವನ ಕಾಯಿ ಕಡಿದರಂತೂ ಮಣೆಯನ್ನೇ ಚೆಲ್ಲಾಪಿಲ್ಲಿ ಮಾಡಿ ಎದ್ದು ಹೋಗುತ್ತಾನೆ. ಮೊನ್ನೆ ಡಬ್ಬದಲ್ಲಿದ್ದ ಕೊಬ್ಬರಿ ಮಿಠಾಯಿ ಖಾಲಿ. ಕೇಳಿದರೆ "ಬೆಕ್ಕು ತಿಂತು" ಎಂದ. ತುಟಿ ಮೇಲೆ ಇನ್ನೂ ಕೊಬ್ಬರಿ ತುರಿ! ಸೋಮವಾರ ಜೀವದ ಗೆಳೆಯನಾದವನಿಗೆ ಮಂಗಳವಾರ ಟೂ ಬಿಟ್ಟಿರುತ್ತಾನೆ.

ನಮ್ಮನೆಯವರು "ಹುಡುಗರು ಹಾಗೇ ಬಿಡು" ಎನ್ನುತ್ತಾರೆ. ಅತ್ತೆ "ನೀನು ಮುದ್ದು ಮಾಡಿದ್ದು ಜಾಸ್ತಿ ಆಯಿತು" ಎನ್ನುತ್ತಾರೆ. ಈ ವಯಸ್ಸಿಗೆ ಯಾವುದು ಸಹಜ, ಯಾವುದಕ್ಕೆ ಯಾರನ್ನಾದರೂ ಕಾಣಬೇಕು? ಅನುಭವ ಇದ್ದವರು ಹೇಳಿ.

ಮದ್ದೂರು ಅಪ್ಪ

ಮೇಡಂ, ಮೊದಲು ಒಂದು ಲೋಟ ಮಜ್ಜಿಗೆ ಕುಡಿದು ಸುಧಾರಿಸಿಕೊಳ್ಳಿ. ಆಮೇಲೆ ಇನ್ನೆರಡು ಲೋಟ ಮಜ್ಜಿಗೆ ಮಾಡಿ. ತಮಾಷೆ ಅಲ್ಲ, ಪರೀಕ್ಷೆಗೆ.

ಒಂದೇ ಥರದ ಎರಡು ಗಾಜಿನ ಲೋಟಕ್ಕೆ ಸಮವಾಗಿ ಹುಯ್ಯಿರಿ. "ಎರಡರಲ್ಲೂ ಒಂದೇ ಸಮ ಇದೆಯಾ?" ಎಂದು ಮಗನ ಬಾಯಲ್ಲೇ ಹೇಳಿಸಿ. ಆಮೇಲೆ ಅವನ ಕಣ್ಣೆದುರಿಗೇ ಒಂದು ಲೋಟದ್ದನ್ನು ಸಣ್ಣಗೆ ಉದ್ದಕ್ಕಿರುವ ಬಾಟಲಿಗೆ ಹುಯ್ದು, ಈಗ ಯಾವುದರಲ್ಲಿ ಜಾಸ್ತಿ ಎಂದು ಕೇಳಿ.

ನನ್ನ ಮಗಳು ಐದು ವರ್ಷದವಳಿದ್ದಾಗ "ಉದ್ದದ್ರಲ್ಲೇ ಜಾಸ್ತಿ ಐತೆ" ಎಂದಳು. ನಾನು ವಾಪಸ್ ಲೋಟಕ್ಕೆ ಹುಯ್ದು ತೋರಿಸಿದೆ. "ಈಗ ಸಮ" ಎಂದಳು. ಮತ್ತೆ ಬಾಟಲಿಗೆ ಹುಯ್ದೆ. "ಈಗ ಜಾಸ್ತಿ." ನಾನು ಬಿ.ಎಸ್ಸಿ. ಓದಿದವನು, ಅರ್ಧ ಗಂಟೆ ವಾದ ಮಾಡಿದೆ. ಕೊನೆಗೆ ಅವಳು ಅತ್ತಳು, ನನ್ನ ಹೆಂಡತಿ ನನಗೆ ಬೈದಳು. ಏಳು ತುಂಬುವ ಹೊತ್ತಿಗೆ ಒಂದು ದಿನ ಸುಮ್ನೆ ಅದೇ ಆಟ ಆಡಿದೆ. ನನ್ನನ್ನೇ ದಡ್ಡನ ಥರ ನೋಡಿ "ಈ ಕಡೆಯಿಂದ ಆ ಕಡೆಗೆ ಹುಯ್ದೆ ಅಷ್ಟೇ ಅಲ್ವಾ ಅಪ್ಪ?" ಎಂದಳು. ಮಧ್ಯದಲ್ಲಿ ಇದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

ಇದು ನನ್ನ ಕಂಡುಹಿಡಿತ ಅಲ್ಲ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜಾನ್ ಪಿಯಾಜೆ (1896-1980) ಮಾಡುತ್ತಿದ್ದ ಪ್ರಯೋಗ. ಸಣ್ಣ ಮಕ್ಕಳ ಕಣ್ಣು ಒಂದೇ ಕಡೆ ನೆಟ್ಟುಬಿಡುತ್ತದೆ. ಎತ್ತರ ನೋಡಿದರೆ ಅಗಲ ಬಿಟ್ಟುಹೋಗುತ್ತದೆ. ಏಳರ ಆಸುಪಾಸಿನಲ್ಲಿ ಎರಡನ್ನೂ ಒಟ್ಟಿಗೆ ಹಿಡಿಯುವುದು ಬರುತ್ತದೆ, "ವಾಪಸ್ ಹುಯ್ದರೆ ಮೊದಲಿನಂತೇ ಆಗುತ್ತದೆ" ಎಂದು ಮನಸ್ಸಿನಲ್ಲೇ ಹಿಂದಕ್ಕೆ ಹೋಗುವುದೂ ಬರುತ್ತದೆ. ಕೂಡಿದ್ದನ್ನು ಕಳೆದರೆ ಮೊದಲಿನ ಲೆಕ್ಕ ಬರುತ್ತದೆ ಎಂಬುದಕ್ಕೂ ಇದೇ ಬೇಕು. ನಿಮ್ಮ ಮಗ ಆ ಹೊಸ್ತಿಲ ಮೇಲೆ ನಿಂತಿದ್ದಾನೆ.

ಕೋಟೆ ಮೇಷ್ಟ್ರು

ಮದ್ದೂರಿನವರು ಹೇಳಿದ್ದು ಸರಿ, ಆದರೆ ಒಂದು ತಿದ್ದುಪಡಿ. ಪಿಯಾಜೆ ಹಾಕಿದ ಗೆರೆಯನ್ನು ಕಲ್ಲಿನ ಮೇಲೆ ಕೆತ್ತಿದ್ದು ಎಂದುಕೊಳ್ಳಬೇಡಿ. ಒಂದೇ ಪ್ರಶ್ನೆಯನ್ನು ದೊಡ್ಡವರು ಎರಡು ಸಲ ಕೇಳಿದರೆ ಮಗು "ಓ, ಮೊದಲು ಹೇಳಿದ್ದು ತಪ್ಪಿರಬೇಕು" ಎಂದು ಉತ್ತರ ಬದಲಾಯಿಸುತ್ತದೆ. ನಮ್ಮ ತರಗತಿಗಳಲ್ಲಿ ಇದನ್ನು ದಿನಾ ನೋಡಬಹುದು. 1970ರ ದಶಕದಲ್ಲಿ ಸ್ಕಾಟ್ಲೆಂಡಿನಲ್ಲಿ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಒಂದು ಉಪಾಯ ಮಾಡಿದರು. ಎರಡು ಸಾಲು ಬಿಲ್ಲೆ ಸಮವಾಗಿ ಜೋಡಿಸಿ, ಒಂದು ಸಾಲನ್ನು ದೊಡ್ಡವರು ಕದಲಿಸುವ ಬದಲು ಒಂದು ತುಂಟ ಕರಡಿಗೊಂಬೆ ಬಂದು ಕೆಡಿಸಿತು ಎಂದು ಆಟ ಕಟ್ಟಿದರು. ಆಗ 4ರಿಂದ 6 ವರ್ಷದ ಎಷ್ಟೋ ಜಾಸ್ತಿ ಮಕ್ಕಳು "ಎರಡೂ ಅಷ್ಟೇ ಇವೆ" ಎಂದು ಸರಿಯಾಗಿ ಹೇಳಿದರು. ಅಂದರೆ ಕೇಳುವ ರೀತಿ ಸರಿಯಿದ್ದರೆ ಮಗುವಿಗೆ ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಗೊತ್ತಿರುತ್ತದೆ.

ಇನ್ನು ಆ "ಸೂಯರ". ನನಗೆ ನಗು ಬಂತು ತಾಯಿ, ಯಾಕೆಂದರೆ ನಿಮ್ಮ ಮಗ ಸರಿಯಾಗಿಯೇ ಓದಿದ್ದಾನೆ! ಅರ್ಕಾವತ್ತು ನೋಡಿ. ಬಾಯಲ್ಲಿ ಮೊದಲು ಬರುವ "ರ್", ಬರೆಯುವಾಗ "ಯ" ಆದ ಮೇಲೆ ಬಂದು ಕೂರುತ್ತದೆ. ಎಡದಿಂದ ಬಲಕ್ಕೆ ಓದು ಎಂದು ನಾವೇ ಹೇಳಿಕೊಟ್ಟಿದ್ದೇವೆ. ಅವನು ಹೇಳಿದಂತೆ ಕೇಳಿದ್ದಾನೆ. "ವರ್ಷ"ವನ್ನು "ವಷರ" ಎಂದು ಓದಿದ ಮಕ್ಕಳು ನನ್ನ ಸರ್ವಿಸಿನಲ್ಲಿ ನೂರಾರು. ಇವತ್ತು ಅವರಲ್ಲಿ ಕೆಲವರು ಮೇಷ್ಟ್ರುಗಳೇ ಆಗಿದ್ದಾರೆ.

ಇಂಗ್ಲಿಷಿಗೆ 26 ಅಕ್ಷರ. ನಮ್ಮ ವರ್ಣಮಾಲೆಯೇ 49, ಅದರ ಮೇಲೆ 34 ವ್ಯಂಜನಗಳ ಕಾಗುಣಿತ ಬರೆದರೆ ನಾನೂರು ದಾಟುತ್ತದೆ, ಒತ್ತಕ್ಷರ ಬೇರೆ. ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ ಸಂಶೋಧನೆ ಮಾಡಿದ ಸೋನಾಲಿ ನಾಗ್ ಅವರು 2007ರಲ್ಲೇ ತೋರಿಸಿದ್ದಾರೆ, ಈ ಅಕ್ಷರಗಳೆಲ್ಲ ಕೈಗೆ ಹತ್ತಲು ನಾಲ್ಕನೇ ಕ್ಲಾಸಿನವರೆಗೂ ಹಿಡಿಯುತ್ತದೆ ಎಂದು. ಒಂದನೇ ಕ್ಲಾಸಿನ ಫೆಬ್ರವರಿಯಲ್ಲಿ ಅರ್ಕಾವತ್ತು ತಪ್ಪಿದರೆ ಟ್ಯೂಷನ್ನಾ? ಬೇಡ ಬಿಡಿ.

ಸುಮ್ನೆ ಓದುವವ

ಎಲ್ಲ ಸರಿ, ಆದರೆ ಫಾರಿನ್ ಮಕ್ಕಳ ಮೇಲೆ ಮಾಡಿದ ಪ್ರಯೋಗ ಕಟ್ಟಿಕೊಂಡು ನಮಗೇನು? ನಮ್ಮ ಕಾಲದಲ್ಲಿ ಸುಳ್ಳು ಹೇಳಿದರೆ ಎರಡು ಬೀಳುತ್ತಿತ್ತು. ಎಲ್ಲರೂ ನೆಟ್ಟಗೇ ಬೆಳೆದೆವು.

ಮದ್ದೂರು ಅಪ್ಪ

ಎಲ್ಲರೂ ನೆಟ್ಟಗೆ ಬೆಳೆದೆವಾ ಸಾರ್? ನನಗೆ ಅನುಮಾನ.

ಫಾರಿನ್ ಮಾತಿಗೆ ಬಂದರೆ, ನಿಮ್ಮ ಪ್ರಶ್ನೆಯನ್ನೇ ಕೆಲವರು ಕೇಳಿದ್ದಾರೆ. 1969ರಲ್ಲಿ ಮೆಕ್ಸಿಕೋದಲ್ಲಿ ಕುಂಬಾರರ ಮಕ್ಕಳಿಗೂ ಬೇರೆ ಮನೆಗಳ ಮಕ್ಕಳಿಗೂ ಜೇಡಿಮಣ್ಣಿನ ಉಂಡೆ ಕೊಟ್ಟು ನೋಡಿದರು. ಉಂಡೆಯನ್ನು ಉದ್ದಕ್ಕೆ ಹೊಸೆದರೂ ಮಣ್ಣು ಅಷ್ಟೇ ಎಂದು ಕುಂಬಾರರ ಮಕ್ಕಳು ಚೆನ್ನಾಗಿ ಹೇಳಿದರು. ದಿನಾ ಕೈಯಾಡಿಸಿದ ವಸ್ತು ಬುದ್ಧಿಗೆ ಬೇಗ ಹತ್ತುತ್ತದೆ. ನಮ್ಮೂರಿನ ಆಲೆಮನೆ ಕಡೆ ಬೆಳೆದ ಹುಡುಗರನ್ನು ಕೇಳಿ. ಕೊಪ್ಪರಿಗೆ ಪಾಕವನ್ನು ದೊಡ್ಡ ಅಚ್ಚಿಗೆ ಹುಯ್ದರೂ ಸಣ್ಣ ಅಚ್ಚಿಗೆ ಹುಯ್ದರೂ ಬೆಲ್ಲ ಅಷ್ಟೇ ಎಂದು ಅವರಿಗೆ ಯಾರೂ ಪಾಠ ಮಾಡುವುದು ಬೇಡ. ಇದು ನನ್ನ ಕಣ್ಣಂದಾಜು, ಸಂಶೋಧನೆ ಅಲ್ಲ.

ಕೋಟೆ ಮೇಷ್ಟ್ರು

ಎರಡು ಬೀಳುವ ವಿಷಯಕ್ಕೆ: 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ನಾನು ಕೂಡ ಶುರುವಿನಲ್ಲಿ ಹೊಡೆದಿದ್ದೇನೆ. ಹೊಡೆದಾಗ ಮಗು ಕಲಿತದ್ದು ನನ್ನ ಮುಖ ನೋಡಿ ಉತ್ತರ ಹೇಳುವುದನ್ನು. ಲೆಕ್ಕವನ್ನಲ್ಲ.

ಇನ್ನೊಂದು ಹೇಳಿಬಿಡುತ್ತೇನೆ, ನಮ್ಮ ಮೈಸೂರು ಜಿಲ್ಲೆಯ ಹೆಮ್ಮೆ ಅದು. ನಲಿ-ಕಲಿ, ಅಂದರೆ ಸರ್ಕಾರಿ ಶಾಲೆಗಳ ಆಡುತ್ತ ಕಲಿಯುವ ಪದ್ಧತಿ, ಶುರುವಾದದ್ದು ನಮ್ಮ ಹೆಗ್ಗಡದೇವನಕೋಟೆಯಲ್ಲಿ, 1995ರಲ್ಲಿ, ಯುನಿಸೆಫ್ ನೆರವಿನಲ್ಲಿ. ಆಂಧ್ರದ ರಿಷಿ ವ್ಯಾಲಿಗೆ ಹೋಗಿ ನೋಡಿಕೊಂಡು ಬಂದ ನಮ್ಮ ಶಿಕ್ಷಕರೇ ಅದನ್ನು ಕಟ್ಟಿದರು. ಹೊಗೆಸೊಪ್ಪಿನ ಕಾಲದಲ್ಲಿ ಮಕ್ಕಳು ಹದಿನೈದು ದಿನ ಶಾಲೆಗೆ ಬರುತ್ತಿರಲಿಲ್ಲ. ವಾಪಸ್ ಬಂದಾಗ ಪಾಠ ಮುಂದೆ ಹೋಗಿರುತ್ತಿತ್ತು, ಮಗು ಹಿಂದಿನ ಬೆಂಚಿಗೆ ಸೇರುತ್ತಿತ್ತು. ನಲಿ-ಕಲಿಯಲ್ಲಿ ಕಲಿಕಾ ಏಣಿ ಬಂತು. ನೀನು ಬಿಟ್ಟ ಮೆಟ್ಟಿಲಿನಿಂದಲೇ ಶುರು ಮಾಡು. ಒಂದು, ಎರಡು, ಮೂರನೇ ಕ್ಲಾಸಿನವರು ಒಟ್ಟಿಗೆ, ನೆಲದ ಮೇಲೆ ಗುಂಡಗೆ. ಗುಂಪಿಗೆ "ತಟ್ಟೆ" ಎನ್ನುತ್ತಿದ್ದೆವು. ಒಂದು ತಟ್ಟೆಗೆ ಮೇಷ್ಟ್ರ ಪೂರ್ತಿ ಸಹಾಯ, ಇನ್ನೊಂದಕ್ಕೆ ಅರ್ಧ ಸಹಾಯ, ಇನ್ನೊಂದಕ್ಕೆ ಗೆಳೆಯರ ಸಹಾಯ, ಆಮೇಲೆ ತಾನೇ ಮಾಡುವುದು.

ರಷ್ಯಾದ ಮನಶ್ಶಾಸ್ತ್ರಜ್ಞ ವೈಗೋಟ್‌ಸ್ಕಿ ಎಂಬಾತ ಇದನ್ನೇ ಹೇಳಿದ್ದು. ಪಿಯಾಜೆ ಹುಟ್ಟಿದ 1896ರಲ್ಲೇ ಹುಟ್ಟಿದವನು, 37 ತುಂಬಿ 1934ರಲ್ಲಿ ತೀರಿಹೋದ, ಪಾಪ. ಮಗು ಒಂಟಿಯಾಗಿ ಮಾಡುವುದಕ್ಕೂ, ಗೊತ್ತಿದ್ದವರು ಜೊತೆಗಿದ್ದರೆ ಮಾಡುವುದಕ್ಕೂ ನಡುವೆ ಒಂದು ಜಾಗ ಇದೆ, ಕಲಿಕೆ ನಡೆಯುವುದು ಅಲ್ಲಿ ಎಂದ. ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಒಂದನೇ ಕ್ಲಾಸಿನವನಿಗೆ ಒತ್ತಕ್ಷರ ಹೇಳಿಕೊಡುತ್ತಿದ್ದಳು. "ತಲೆ ಮೊದಲು, ಬಾಲ ಆಮೇಲೆ. ಆದ್ರೆ ಈ ರ್ ಮಾತ್ರ ಕಳ್ಳ, ಹಿಂದೆ ಬಚ್ಚಿಟ್ಕೊಂಡು ಮೊದಲು ಕೂಗ್ತಾನೆ." ಇಪ್ಪತ್ತು ವರ್ಷ ಪಾಠ ಮಾಡಿದರೂ ನನಗೆ ಹೊಳೆಯದ ಮಾತು ಅದು. ಆಮೇಲೆ ನಾನೂ ಹಾಗೇ ಹೇಳಿಕೊಡಲು ಶುರು ಮಾಡಿದೆ.

ಹಾಂ, ಮಗ ಲೆಕ್ಕ ಮಾಡುವಾಗ ತನ್ನಷ್ಟಕ್ಕೆ ಗೊಣಗಿಕೊಳ್ಳುತ್ತಾನಾ? ಗೊಣಗಲಿ ಬಿಡಿ. ಆ ಮಾತಿನಲ್ಲೇ ಅವನು ಯೋಚಿಸುತ್ತಿರುತ್ತಾನೆ. ಕ್ರಮೇಣ ಅದು ಒಳಗೆ ಇಳಿಯುತ್ತದೆ.

ಮಾತಿನ ಥೆರಪಿ ಓದಿದವಳು

ಕೊಬ್ಬರಿ ಮಿಠಾಯಿ ತಿಂದ ಬೆಕ್ಕಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ನನಗೆ ಅದೇ ಇಷ್ಟವಾದದ್ದು.

ಸುಳ್ಳು ಹೇಳಬೇಕಾದರೆ ಮಗುವಿಗೆ ಒಂದು ದೊಡ್ಡ ವಿಷಯ ಗೊತ್ತಿರಬೇಕು: ನನ್ನ ತಲೆಯಲ್ಲಿರುವುದು ಅಮ್ಮನ ತಲೆಯಲ್ಲಿ ಇಲ್ಲ. ಮೂರು ವರ್ಷದ ಮಗುವಿಗೆ ಇದು ಸರಿಯಾಗಿ ಗೊತ್ತಿರುವುದಿಲ್ಲ. 1983ರಲ್ಲಿ ವಿಮ್ಮರ್ ಮತ್ತು ಪರ್ನರ್ ಎಂಬುವರು ಮಕ್ಕಳಿಗೆ ಒಂದು ಕಥೆ ಹೇಳಿದರು. ಹುಡುಗ ಚಾಕೊಲೇಟನ್ನು ಒಂದು ಕಪಾಟಿನಲ್ಲಿ ಇಟ್ಟು ಆಟಕ್ಕೆ ಹೋಗುತ್ತಾನೆ. ಅವನಿಲ್ಲದಾಗ ಅಮ್ಮ ಅದನ್ನು ಬೇರೆ ಕಪಾಟಿಗೆ ಇಡುತ್ತಾಳೆ. ವಾಪಸ್ ಬಂದ ಹುಡುಗ ಎಲ್ಲಿ ಹುಡುಕುತ್ತಾನೆ? ತುಂಬ ಸಣ್ಣವರು ಚಾಕೊಲೇಟ್ ಈಗ ಎಲ್ಲಿದೆಯೋ ಅಲ್ಲಿಗೇ ಬೆರಳು ತೋರಿಸುತ್ತಾರೆ. ನಾಲ್ಕೈದು ವರ್ಷ ಆದ ಮೇಲೆ "ಅವನಿಗೆ ಗೊತ್ತಿಲ್ಲ, ಮೊದಲಿನ ಕಪಾಟಿನಲ್ಲೇ ಹುಡುಕ್ತಾನೆ" ಎನ್ನುತ್ತಾರೆ.

ನಿಮ್ಮ ಮಗ ಅಷ್ಟು ದಾಟಿದ್ದಾನೆ. ಅದಕ್ಕೇ ಬೆಕ್ಕು ಬಂತು. ಆದರೆ ಅಮ್ಮ ಈಗ ನನ್ನ ತುಟಿ ನೋಡುತ್ತಿದ್ದಾಳೆ, ನೋಡಿ ಏನು ಅಂದುಕೊಳ್ಳುತ್ತಾಳೆ ಎಂಬ ಇನ್ನೊಂದು ಸುತ್ತು ಅವನಿಗೆ ಬಂದಿಲ್ಲ. ಒಂದೆರಡು ವರ್ಷದಲ್ಲಿ ಅದೂ ಬರುತ್ತದೆ. ಆಮೇಲೆ ಬಾಯಿ ತೊಳೆದುಕೊಂಡು ಬಂದು ಸುಳ್ಳು ಹೇಳುತ್ತಾನೆ! ಸುಳ್ಳು ಒಳ್ಳೆಯದು ಎಂದಲ್ಲ. ಬೆಕ್ಕಿನ ವಿಚಾರಣೆ ಮಾಡುತ್ತಾ ಕೂರುವ ಬದಲು "ತುರಿ ತುಟಿ ಮೇಲಿದೆ, ಒರೆಸಿಕೋ. ಮುಂದಿನ ಸಲ ಕೇಳಿ ತಿನ್ನು" ಎಂದು ಮುಗಿಸಿ. ಕಳ್ಳ ಎನ್ನಬೇಡಿ.

ಈಗ ನಿಮ್ಮ ಪ್ರಶ್ನೆಯ ಇನ್ನರ್ಧ, ಯಾವಾಗ ತೋರಿಸಬೇಕು. ಕರೆದರೆ ತಿರುಗುವುದಿಲ್ಲ, ಟಿವಿ ಸೌಂಡ್ ಜಾಸ್ತಿ ಇಡುತ್ತಾನೆ, ಕಿವಿ ಸೋರುತ್ತದೆ ಅಂದರೆ ಮೊದಲು ಕಿವಿ ತೋರಿಸಿ. ಬೋರ್ಡ್ ಕಾಣಿಸುತ್ತಾ ಕೇಳಿ, ಕಣ್ಣು ತೋರಿಸಿ. "ಸ್ಲೋ" ಎನಿಸಿಕೊಂಡ ಎಷ್ಟೋ ಮಕ್ಕಳಿಗೆ ಬೇಕಾಗಿದ್ದದ್ದು ಕನ್ನಡಕ ಅಷ್ಟೇ. ಮಾತು ಬೇರೆಯವರಿಗೆ ಅರ್ಥವಾಗದಷ್ಟು ಅಸ್ಪಷ್ಟ ಇದ್ದರೆ, ಕಥೆ ಹೇಳು ಎಂದರೆ ಎರಡು ವಾಕ್ಯ ಜೋಡಿಸಲು ಆಗದಿದ್ದರೆ, ಮೊದಲು ಬರುತ್ತಿದ್ದದ್ದು ಮರೆತುಹೋಗುತ್ತಿದ್ದರೆ ಕಾಯಬೇಡಿ. ನಮ್ಮ ಮೈಸೂರಲ್ಲೇ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ, ದೇಶದ ಮೂಲೆ ಮೂಲೆಯಿಂದ ಜನ ಬರುತ್ತಾರೆ. ಓದು-ಬರಹದ ತೊಂದರೆಗೆ ಕಲಿಕಾ ನ್ಯೂನತೆ ಎಂದು ಹೆಸರು ಕೊಡುವುದು ಸಾಮಾನ್ಯವಾಗಿ 8 ವರ್ಷ ಆದ ಮೇಲೆ. ಆದರೆ ಅನುಮಾನ ಇದ್ದರೆ ಸಹಾಯ ಶುರು ಮಾಡುವುದಕ್ಕೆ ಎಂಟರವರೆಗೆ ಕಾಯಬೇಕಿಲ್ಲ.

ರಾತ್ರಿ ಎಷ್ಟು ಹೊತ್ತು ಮಲಗುತ್ತಾನೆ? 6 ದಾಟಿದ ಮಕ್ಕಳಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ಹನ್ನೊಂದಕ್ಕೆ ಮಲಗಿ ಆರಕ್ಕೆ ಏಳುವ ಮಗು ಎಲ್ಲಿಂದ ಕೂತು ಓದುತ್ತದೆ?

ಕುವೆಂಪುನಗರದ ಅಮ್ಮ

ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರೇ, ನಿಮ್ಮ ಅರ್ಕಾವತ್ತಿನ ಮಾತು ಓದಿ ಕಣ್ಣಲ್ಲಿ ನೀರು ಬಂತು. ಕಿವಿ, ಮಾತು ಎಲ್ಲ ಚೆನ್ನಾಗಿದೆ. ಕಥೆ ಹೇಳು ಎಂದರೆ ನಿಲ್ಲಿಸುವುದೇ ಇಲ್ಲ. ಕಣ್ಣು ತೋರಿಸಿಲ್ಲ, ತೋರಿಸುತ್ತೇನೆ. ನಿದ್ದೆ ಕೇಳಬೇಡಿ, ನಮ್ಮನೆಯವರು ಬರುವುದೇ ಹತ್ತಕ್ಕೆ, ಅಪ್ಪ ಬರುವವರೆಗೂ ಇವನು ಮಲಗಲ್ಲ.

ಒಂದು ಹೇಳುವುದು ಮರೆತಿದ್ದೆ. 2025ರ ಜೂನ್ 1ಕ್ಕೆ ಅವನಿಗೆ 5 ವರ್ಷ 9 ತಿಂಗಳು. ಆರು ತುಂಬಿರಲೇಬೇಕು ಎಂಬ ನಿಯಮವನ್ನು ಆ ವರ್ಷಕ್ಕೆ ಮಾತ್ರ 5 ವರ್ಷ 5 ತಿಂಗಳಿಗೆ ಸಡಿಲ ಮಾಡಿದರಲ್ಲ, ಹಾಗೆ ಸೇರಿಸಿದ್ದು. ಒಂದು ವರ್ಷ ಯಾಕೆ ಹಾಳು ಎಂದುಕೊಂಡೆವು. ಅವನ ಬೆಂಚಿನ ಹುಡುಗ ಇವನಿಗಿಂತ 11 ತಿಂಗಳು ದೊಡ್ಡವನು ಎಂದು ನಿನ್ನೆ ಅವನ ತಾಯಿಯನ್ನು ಕೇಳಿದಾಗಲೇ ಗೊತ್ತಾಯಿತು.

ಮದ್ದೂರು ಅಪ್ಪ

ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು! ನಮಗೆ 11 ತಿಂಗಳು ಏನೂ ಅಲ್ಲ. ನಿಮ್ಮ ಮಗನಿಗೆ ಅದು ಇಲ್ಲಿವರೆಗಿನ ಜೀವನದ ಏಳರಲ್ಲಿ ಒಂದು ಪಾಲು. ಕೆನಡಾ, ಅಮೆರಿಕದಲ್ಲಿ ಲೆಕ್ಕ ತೆಗೆದಾಗ ತರಗತಿಯ ಅತಿ ಚಿಕ್ಕ ಮಕ್ಕಳಿಗೇ "ಗಮನ ಇಲ್ಲ, ಚಂಚಲ" ಎಂಬ ಹಣೆಪಟ್ಟಿ ಜಾಸ್ತಿ ಬಿದ್ದಿತ್ತು. ಟೀಚರ್ ಹತ್ತಿರ ಜಗಳ ಬೇಡ, ಹುಟ್ಟಿದ ದಿನಾಂಕ ಮಾತ್ರ ತೋರಿಸಿ. ಪಾಪ, ಅವರಿಗೂ ನಲವತ್ತು ಮಕ್ಕಳು ಇರುತ್ತಾರೆ.

ಎರಡು ಮಕ್ಕಳ ತಾಯಿ

ಟೂ ಬಿಡುವುದಕ್ಕೆ ತಲೆ ಕೆಡಿಸಿಕೊಳ್ಳಬೇಡಿ ಅಕ್ಕ. ಈ ವಯಸ್ಸಿಗೆ ಗೆಳೆಯ ಎಂದರೆ ಇವತ್ತು ಜೊತೆಗೆ ಆಡಿದವನು, ರಬ್ಬರ್ ಕೊಟ್ಟವನು. ರಬ್ಬರ್ ಕೊಡಲಿಲ್ಲವಾ, ಟೂ. ನಂಬಿಕೆ, ಗುಟ್ಟು ಇಟ್ಟುಕೊಳ್ಳುವುದು ಇವೆಲ್ಲ ಒಂಬತ್ತು ಹತ್ತರ ಹೊತ್ತಿಗೆ. ನಾವು ಮಧ್ಯೆ ಹೋಗಿ ಆ ಮಗುವಿನ ತಾಯಿಗೆ ಫೋನ್ ಮಾಡಿದರೆ ದೊಡ್ಡವರ ಟೂ ಶುರುವಾಗುತ್ತದೆ. ಅದು ಸೇ ಆಗಲ್ಲ. ಅನುಭವದಿಂದ ಹೇಳುತ್ತಿದ್ದೇನೆ.

ಆದರೆ ಆಮೆ ಮಾತು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಐದು ವರ್ಷದ ಮಗುವನ್ನು ಯಾರು ಜೋರಾಗಿ ಓಡುತ್ತಾರೆ ಎಂದರೆ "ನಾನೇ" ಎನ್ನುತ್ತದೆ, ಕೊನೆಗೆ ಬಂದರೂ. ಏಳೆಂಟಕ್ಕೆ ಬೇರೆಯವರ ಜೊತೆ ತನ್ನನ್ನು ತೂಗಿ ನೋಡಿಕೊಳ್ಳುವುದು ಶುರುವಾಗುತ್ತದೆ. ನನ್ನ ದೊಡ್ಡವಳು ಎರಡನೇ ಕ್ಲಾಸಿನಲ್ಲಿ "ನಂಗೆ ಲೆಕ್ಕ ಬರಲ್ಲ" ಎಂದು ಒಮ್ಮೆ ತೀರ್ಮಾನ ಮಾಡಿದವಳು ಬರುವ ಲೆಕ್ಕವನ್ನೂ ಮಾಡದೆ ಕೂತಳು. ಅದನ್ನು ಬಿಡಿಸಲು ಎರಡು ವರ್ಷ ಹಿಡಿಯಿತು.

ಸರಸ್ವತಿಪುರಂ ಅಜ್ಜಿ

ನನಗೆ ಪಿಯಾಜೆ ಗೊತ್ತಿಲ್ಲ, ಚೌಕಾಬಾರ ಗೊತ್ತು. ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ, ನಾನು ಹೇಳುತ್ತಿದ್ದೇನೆ.

ನಾಲ್ಕು ಕವಡೆ, ಇಪ್ಪತ್ತೈದು ಮನೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಆರು ವರ್ಷದ ಮಗು ಆಡುವುದನ್ನು ಗಮನಿಸಿ. ನಾಲ್ಕು ಕಾಯಿ ಇದ್ದರೂ ಒಂದನ್ನೇ ಓಡಿಸುತ್ತದೆ. ಅದು ಹಣ್ಣಾಗಬೇಕು, ಅಷ್ಟೇ ಕಣ್ಣು. ಹಿಂದೆ ಉಳಿದ ಕಾಯಿಯನ್ನು ಯಾರು ಕಡಿಯುತ್ತಾರೆ ಎಂದು ನೋಡುವುದೇ ಇಲ್ಲ. ಎಂಟರ ಮಗು ಗರ ಬಿದ್ದ ಮೇಲೆ ಒಂದು ಗಳಿಗೆ ಕೈ ತಡೆಯುತ್ತದೆ. "ಇದು ನಡೆಸಿದ್ರೆ ಅಜ್ಜಿ ಮೂರು ಹಾಕಿ ಕಡೀತಾಳೆ, ಕಟ್ಟೆಯಲ್ಲಿರೋದೇ ಇರಲಿ" ಎಂದು ಲೆಕ್ಕ ಹಾಕುತ್ತದೆ. ಮದ್ದೂರಿನವರು ಹೇಳಿದ ಮಜ್ಜಿಗೆ ಮಾತೇ ಇದೂ ಅಲ್ವಾ?

ಕವಡೆ ತಿರುಗಿಸುವುದಕ್ಕೆ ಬೈಯಬೇಡಿ. ಅವನಿಗೆ ಸೋಲು ಹಿಡಿಸುವುದಿಲ್ಲ, ಇನ್ನೂ ಅದನ್ನು ತಡೆದುಕೊಳ್ಳಲು ಕಲಿತಿಲ್ಲ. ನಾನು ಮಾಡುತ್ತಿದ್ದದ್ದು ಇಷ್ಟು. ಕವಡೆ ಬದಲು ಹುಣಸೆ ಬೀಜ. ಜಗಲಿಯ ಮೇಲೆ ನೀರು ಹಾಕಿ ಒಂದು ಮಗ್ಗುಲು ಬೆಳ್ಳಗೆ ಕಾಣುವ ತನಕ ಮಗುವಿನ ಕೈಲೇ ಉಜ್ಜಿಸುವುದು. ತಾನೇ ಮಾಡಿದ ಆಟಕ್ಕೆ ಮಗು ಮೋಸ ಮಾಡುವುದು ಕಡಿಮೆ. ಆಮೇಲೆ ಅವನನ್ನೇ ಪಂಚಾಯ್ತಿದಾರ ಮಾಡುವುದು. ನಾನು ಬೇಕೆಂದೇ ಮೂರು ಮನೆ ನಡೆಸಬೇಕಾದಲ್ಲಿ ನಾಲ್ಕು ನಡೆಸುತ್ತಿದ್ದೆ. "ಅಜ್ಜೀ, ತಪ್ಪು! ತಪ್ಪು!" ಎಂದು ಕುಣಿಯುತ್ತಿದ್ದವು. ಬೇರೆಯವರ ಮೋಸ ಹಿಡಿಯಲು ಕೂತ ಮಗುವಿಗೆ ತಾನು ಮೋಸ ಮಾಡಲು ಪುರಸೊತ್ತು ಎಲ್ಲಿ?

ಮೂರು ಆಟಕ್ಕೆ ಒಂದು ಸೋಲಲಿ. ಪ್ರತಿ ಸಲ ಗೆಲ್ಲಿಸಬೇಡಿ. ಗೆಲ್ಲಿಸಿದರೆ ಅವಕ್ಕೆ ಗೊತ್ತಾಗುತ್ತದೆ.

(ಮೊಮ್ಮಗಳು: ನಾನು ಬಿ.ಇಡಿ. ಓದುತ್ತಿದ್ದೇನೆ. ಅಜ್ಜಿಗೆ ಗೊತ್ತಿಲ್ಲ ಎಂದ ಪಿಯಾಜೆ ಕೂಡ ಮಕ್ಕಳ ಗೋಲಿಯಾಟ ನೋಡಿಯೇ ನಿಯಮದ ಬಗ್ಗೆ 1932ರಲ್ಲಿ ಬರೆದದ್ದು. ಸಣ್ಣವರು ನಿಯಮವನ್ನು ದೇವರು ಕೊಟ್ಟದ್ದು, ಬದಲಾಯಿಸಬಾರದು ಎನ್ನುತ್ತಾರೆ, ಆಡುವಾಗ ಮಾತ್ರ ಮನಸ್ಸಿಗೆ ಬಂದಂತೆ ಆಡುತ್ತಾರೆ. ದೊಡ್ಡವರಾದ ಮೇಲೆ "ಎಲ್ಲರೂ ಒಪ್ಪಿದರೆ ಬದಲಾಯಿಸೋಣ" ಎನ್ನುತ್ತಾರೆ, ಒಪ್ಪಿದ ಮೇಲೆ ಪಾಲಿಸುತ್ತಾರೆ. ಅಜ್ಜಿಗೆ ಓದಿ ಹೇಳಿದೆ. "ಅದಕ್ಕೆ ಪುಸ್ತಕ ಬರೆಯಬೇಕಿತ್ತಾ" ಎಂದರು.)

ಸುಮ್ನೆ ಓದುವವ

ಅಜ್ಜಿಗೆ ನಮಸ್ಕಾರ. ಎರಡು ಬೀಳಬೇಕು ಎಂದದ್ದು ವಾಪಸ್ ತೆಗೆದುಕೊಂಡೆ. ಹುಣಸೆ ಬೀಜ ಎಷ್ಟು ಹೊತ್ತು ಉಜ್ಜಬೇಕು?

ಸರಸ್ವತಿಪುರಂ ಅಜ್ಜಿ

ಕೈ ಬಿಸಿ ಆಗುವವರೆಗೆ. ಹಸಿ ಬೀಜ ಬೇಡ, ಒಣಗಿದ್ದು ತೆಗೆದುಕೊಳ್ಳಿ.

ಕುವೆಂಪುನಗರದ ಅಮ್ಮ

ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ.

ಕಣ್ಣು ತೋರಿಸಿದೆವು, ಸರಿಯಾಗಿದೆ. ಟೀಚರ್ ಹತ್ತಿರ ಹೋಗಿ ಹುಟ್ಟಿದ ದಿನಾಂಕ ತೋರಿಸಿದೆ. "ಹೌದಾ, ನಾನು ಗಮನಿಸಿರಲಿಲ್ಲ" ಎಂದರು. ಮಗುವಿನ ಮುಂದೆ ಹಾಗೆ ಹೇಳಬೇಡಿ ಎಂದು ಕೇಳಿಕೊಂಡೆ. ಸ್ವಲ್ಪ ಮುಖ ಸಿಂಡರಿಸಿದರು, ಆದರೆ ಮರುದಿನ ಅವನನ್ನು ಮುಂದಿನ ಬೆಂಚಿಗೆ ಕೂರಿಸಿದ್ದಾರೆ. ಟ್ಯೂಷನ್ ಯೋಚನೆ ಬಿಟ್ಟೆವು. ಮಲಗುವುದು ಒಂಬತ್ತೂವರೆಗೆ ಬಂದಿದೆ. ಅಪ್ಪ ಬಂದರೂ ಎಬ್ಬಿಸುವ ಹಾಗಿಲ್ಲ ಎಂದು ಕಟ್ಟುನಿಟ್ಟು ಮಾಡಿದ್ದೇನೆ. ಪಾಪ, ಅಪ್ಪನಿಗೇ ಜಾಸ್ತಿ ಬೇಜಾರು.

"ರ್ ಕಳ್ಳ" ಹೇಳಿಕೊಟ್ಟೆ. ಈಗ ಬಸ್ಸಿನ ಬೋರ್ಡು, ಅಂಗಡಿ ಬೋರ್ಡು ಎಲ್ಲ ಕಡೆ ಕಳ್ಳನನ್ನು ಹುಡುಕುತ್ತಾನೆ. ನಿನ್ನೆ ಅರ್ಧ ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿದ, "ಮಾರ್ಕೆಟ್" ಓದುವುದಕ್ಕೆ.

ಹುಣಸೆ ಬೀಜ ಉಜ್ಜಿದ್ದಾನೆ. ನಮ್ಮ ಅತ್ತೆ ಈಗ ಬೇಕೆಂದೇ ತಪ್ಪು ನಡೆಸುತ್ತಾರೆ. ಮೊನ್ನೆ ಅತ್ತೆಗೆ ನಿಜವಾಗಿಯೇ ಬಾರ, ಅಂದರೆ ಎಂಟು, ಬಿತ್ತು. ಅವನು ಬೀಜಗಳ ಮೇಲೆ ಬಗ್ಗಿ, ಅಜ್ಜಿಯ ಮುಖವನ್ನು ಒಂದು ನಿಮಿಷ ನೋಡಿ, "ನೀನು ತಿರುಗಿಸಿದೆ ಅಂತ ನಾನು ಅಂದುಕೊಂಡಿದ್ದೀನಿ ಅಂತ ನೀನು ಅಂದುಕೊಂಡಿದ್ದೀಯಾ?" ಎಂದ. ಅತ್ತೆಗೆ ಅರ್ಥ ಆಗಲಿಲ್ಲ. ನಾನು ಅಡುಗೆಮನೆಯಲ್ಲಿ ನಿಂತು ನಕ್ಕೆ.

ಮದ್ದೂರು ಅಪ್ಪ

ಭೇಷ್! ಅದಿರಲಿ, ಮಜ್ಜಿಗೆ ಪರೀಕ್ಷೆ ಏನಾಯಿತು?

ಕುವೆಂಪುನಗರದ ಅಮ್ಮ

"ಉದ್ದದ್ದರಲ್ಲೇ ಜಾಸ್ತಿ" ಎಂದ. ಎಂದು ಅದನ್ನೇ ಎತ್ತಿ ಕುಡಿದುಬಿಟ್ಟ. ಇನ್ನೊಂದು ಲೋಟ ನನಗೆ ಕೊಟ್ಟು "ನಿಂಗೆ ಸ್ವಲ್ಪ ಸಾಕು ಅಲ್ವಾ ಅಮ್ಮ" ಎಂದ.